ತೆಳು ಔಷಧದ ಹಲ್ಲು

ಡಾಕ್ಟರು ತನ್ನ ಹಲ್ಲಿಗೆ ಔಷಧವನ್ನು ತೆಳ್ಳಗೆ ಮಾಡಿ ಹಾಕಿದ್ದಾರೆಂದು ಸೋಮು ಯಾರಿಗೂ ಹೇಳಬಾರದಿತ್ತು. ಹೇಳಿದರೂ ಕಳ್ಳಕವಟಗಿಯ ಬಸ್ ನಿಲ್ದಾಣದಲ್ಲಿ, ದ್ರಾಕ್ಷಿ ಬೆಳೆಯುವವರ ನಡುವೆ ನಿಂತು ಹೇಳಬಾರದಿತ್ತು. ತೆಳು ಎಂಬ ಮಾತು ಆ ಊರಲ್ಲಿ ಹಾಲಿಗೆ ಅಂದರೆ ಬೈಗುಳ, ಔಷಧಕ್ಕೆ ಅಂದರೆ ಜಗಳ.

ಸೋಮು ಕುರಿ ಕಾಯುವವನು. ಚಿಕ್ಕವನಿದ್ದಾಗ ಏನೋ ಪೆಟ್ಟು ಬಿದ್ದು ಅವನ ಮೇಲಿನ ಸಾಲಿನ ಮುಂದಿನ ಹಲ್ಲಿನ ಒಂದು ಮೂಲೆ ಮುರಿದು, ಹಲ್ಲು ಸತ್ತಿತ್ತು. ಸತ್ತದ್ದು ಇಷ್ಟು ವರ್ಷ ಸುಮ್ಮನಿತ್ತು. ಈ ಬೇಸಿಗೆಯಲ್ಲಿ ಯಾಕೋ ಎದ್ದು ಕೂತು, ಒಸಡಿಗೆ ಕೀವು ತುಂಬಿ, ತುಟಿಯನ್ನು ಬದನೆಕಾಯಿ ಮಾಡಿತು. ಹೋದರೆ ಹೋಗಲಿ ಎನ್ನುವಂಥ ಹಲ್ಲಲ್ಲ ಅದು. ಅದಕ್ಕೆ ನಾಲಿಗೆ ಆನಿಸಿ ಸೋಮು ಹಾಕುವ ಸಿಳ್ಳಿಗೇ ಅವನ ಕುರಿಗಳು ತಿರುಗುತ್ತಿದ್ದವು. ಬೆರಳಿಟ್ಟು ಹಾಕುವ ಸಿಳ್ಳನ್ನು ಅವು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಊರ ಸುತ್ತ ಈಗ ದ್ರಾಕ್ಷಿ ತೋಟಗಳು. ಔಷಧ ಹೊಡೆದ ದಿನ ಕುರಿ ಒಳಗೆ ನುಗ್ಗಿ ಎಲೆಗೆ ಬಾಯಿ ಹಾಕಿದರೆ ಸಂಜೆಯ ಹೊತ್ತಿಗೆ ಕುರಿಯೂ ಇರುವುದಿಲ್ಲ, ನೆರೆಹೊರೆಯೂ ಇರುವುದಿಲ್ಲ. ಆ ಸಿಳ್ಳನ್ನು ನಂಬಿಯೇ ಅರುಣಕುಮಾರ ಸಾವಕಾರ ತನ್ನ ತೋಟದ ಬದುವಿನಲ್ಲಿ ಸೋಮುವಿನ ಕುರಿಗಳನ್ನು ಮೇಯಲು ಬಿಟ್ಟಿದ್ದ. ಈ ಬಿಸಿಲಿನಲ್ಲಿ ಹಸಿರು ಉಳಿದದ್ದು ಅಲ್ಲಿ ಮಾತ್ರ.

ವಿಜಯಪುರದ ಅಥಣಿ ರಸ್ತೆಯಲ್ಲಿದ್ದ ಹಲ್ಲಿನ ಡಾಕ್ಟರು ಆರತಿ ಹೋದ ಸಲ ಎಕ್ಸ್-ರೇ ತೆಗೆದು ನೋಡಿ ಬಿಡಿಸಿ ಹೇಳಿದ್ದರು: “ನಿನ್ನ ಹಲ್ಲು ಇನ್ನೂ ಬೆಳಿಯೂದ್ರಾಗ ಸತ್ತೈತಿ. ಬೇರಿನ ತುದಿ ಮುಚ್ಚೇ ಇಲ್ಲ. ಆ ತುದಿ ಆಚೆ ಹಲ್ಲು ಬೆಳಸೂ ಜೀವಕೋಶ ಇನ್ನೂ ಇರಬಹುದು. ಔಷಧ ಜೋರಾದ್ರ ಕೀವಿನ ಹುಳಾನೂ ಸಾಯ್ತಾವ, ಅವೂ ಸಾಯ್ತಾವ. ಅದಕ್ಕ ತೆಳ್ಳಗ ಮಾಡಿ ಹಾಕೇನಿ. ಮುಂದಿನ ಸರ್ತಿ ಬೇರಿನೊಳಗ ರಕ್ತ ಜಿನುಗಿದ್ರ ಹಲ್ಲು ಉಳಸಾಕ ಬರತೈತಿ. ಇಲ್ಲಂದ್ರ ಕೀಳೂದ.”

ಆ ಮುಂದಿನ ಸರ್ತಿ ಇವತ್ತು; ಅದಕ್ಕೇ ಸೋಮು ನಿಲ್ದಾಣದಲ್ಲಿ ವಿಜಯಪುರದ ಬಸ್ಸಿಗೆ ಕಾಯುತ್ತಿದ್ದ.

“ತೆಳ್ಳಗ ಅಂದ್ರ? ನೀರ ಕಲಸ್ಯಾಳ?” ಎಂದಳು ಪಕ್ಕದ ಮನೆಯ ಮುದುಕಿ ಗೌರಾಬಾಯಿ. ಊರಿಗೆ ಬರುವ ರೋಗಗಳೆಲ್ಲ ತನ್ನನ್ನು ಕೇಳಿಯೇ ಬರಬೇಕು ಎಂದು ತಿಳಿದವಳು ಅವಳು.

“ಹೂಂ ಆಯಿ. ಹಂಗ ಹಾಕಬೇಕಂತ.”

“ಹಾಲಿನ ಗೌಳ್ಯಾನೂ ಹಂಗ ಅಂತಾನ. ಬಾಯಿ ತಗಿ.”

“ಬ್ಯಾಡ ಆಯಿ, ಏನೂ ಹಚ್ಚಬ್ಯಾಡ ಅಂದಾರ...”

ಬೇಡ ಎನ್ನಲು ಬಾಯಿ ತೆರೆದದ್ದೇ ಸಾಕಾಯಿತು. ಗೌರಾಬಾಯಿ ಎಲೆಯಡಿಕೆ ಚಂಚಿಯಿಂದ ಸುಣ್ಣ ತೆಗೆದು, ಹಬ್ಬಕ್ಕೆ ಗೋಡೆ ಬಳಿದಂತೆ ಒಸಡಿಗೆ ಬಳಿದಳು. ಅದರ ಮೇಲೆ ಚಿಟಿಕೆ ತಂಬಾಕು ಒತ್ತಿದಳು. ಸೋಮು ಮೆಣಸಿನಕಾಯಿ ಮೆದ್ದ ಕರುವಿನಂತೆ ನಿಂತಲ್ಲೇ ಕುಣಿದ.

“ನೋಡ್ರಿ, ಹುಳಾ ಸಾಯಾಕತ್ತಾವ,” ಎಂದು ಗೌರಾಬಾಯಿ ನಿಲ್ದಾಣದವರಿಗೆಲ್ಲ ತೋರಿಸಿದಳು.

ಅಷ್ಟರಲ್ಲಿ ಅರುಣಕುಮಾರನ ಮೋಟರ್ ಸೈಕಲ್ ಬಂತು. ಬೆಳಗ್ಗೆಯಷ್ಟೇ ತೋಟಕ್ಕೆ ಔಷಧ ಹೊಡೆಸಿದ್ದ. ಅವನಿಗಿಂತ ಮೊದಲು ಅವನ ವಾಸನೆ ಬಂದು ಇಳಿಯಿತು. ಗೌರಾಬಾಯಿ ವಿಷಯ ತಿಳಿಸಿದಳು.

“ತೆಳ್ಳಗ?” ಅರುಣಕುಮಾರ ಗಾಡಿ ಬಂದ್ ಮಾಡಿದ. “ಲೇ ಸೋಮ್ಯಾ, ಡಬ್ಬಿ ಮ್ಯಾಲ ಬರದಷ್ಟ ಹೊಡದ್ರ ಎಂದಾದ್ರೂ ರೋಗ ಹೋಗೈತೇನಲೇ? ಅವರು ಒಂದು ಬರದ್ರ ನಾವು ಎರಡು ಹೊಡೀತೇವಿ, ಅದಕ್ಕ ಬದುಕೇವಿ. ಗಾಡಿ ಹತ್ತು. ನಿನ್ನ ಸಿಳ್ಳ ಹೋದ್ರ ಮೊದಲ ಹಾಳಾಗೂದು ನನ್ನ ತೋಟ.”

“ಸಾವಕಾರ್ರ, ಬಸ್ ಬರತೈತ್ರಿ...”

“ಹತ್ತಲೇ!”

ಗಾಡಿ ಟಿಕೋಟಾದಲ್ಲಿ ಬಸಲಿಂಗಯ್ಯನ ಅಂಗಡಿಯ ಮುಂದೆ ನಿಂತಿತು. ಗೊಬ್ಬರ, ಬೀಜ ಮತ್ತು ಬೆಳೆಗೆ ಹೊಡೆಯುವ ಔಷಧದ ಅಂಗಡಿ ಅದು.

“ಅಯ್ಯನವರ, ಒಂದು ಖಡಕ್ ಔಷಧ ಕೊಡ್ರಿ,” ಎಂದ ಅರುಣಕುಮಾರ.

ಬಸಲಿಂಗಯ್ಯ ಮೊಬೈಲಿನಿಂದ ತಲೆ ಎತ್ತಲಿಲ್ಲ. “ಯಾವ ಬೆಳಿಗ್ರಿ?”

“ಹಲ್ಲಿಗ್ರಿ.”

“ಎಷ್ಟ ಎಕರೆ ಐತಿ?”

ವಿಷಯ ತಿಳಿದ ಮೇಲೆ ಬಸಲಿಂಗಯ್ಯ ಎದ್ದು ಬಂದು, ಮೊಬೈಲ್ ಬೆಳಕು ಬಿಟ್ಟು, ಸೋಮುವಿನ ಬಾಯಿಯನ್ನು ಬಾವಿ ನೋಡುವವರ ಹಾಗೆ ಬಗ್ಗಿ ನೋಡಿದ. ಸುಣ್ಣ, ತಂಬಾಕು ಸೇರಿ ಒಸಡು ಬೆಳ್ಳಗೂ ಕಂದಾಗಿಯೂ ಇತ್ತು.

“ಇದು ದಾಳಿಂಬರಿ ಕಜ್ಜಿ ಇದ್ದಂಗ ಐತ್ರಿ,” ಎಂದ ಗಂಭೀರವಾಗಿ. “ಅದಕ್ಕ ಹೊಡಿಯೂ ಪುಡಿನೂ ಆ್ಯಂಟಿಬಯಾಟಿಕ್, ಡಾಕ್ಟರು ಹಾಕೂದೂ ಆ್ಯಂಟಿಬಯಾಟಿಕ್. ಎರಡೂ ಅಣ್ಣತಮ್ಮರ.” ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಟ್ಟ. “ಅವರ ಔಷಧದಾಗ ಕಲಸಿ ಹಾಕಂತ ಹೇಳ್ರಿ. ಡ್ರಿಪ್ ಪೈಪಿನ್ಯಾಗ ಬಿಡಾಕ ಬರೂದಿಲ್ಲಲ್ಲ, ಬಂದಿದ್ರ ಇನ್ನೂ ಚೊಲೋ ಇತ್ತು.”

ಸೋಮು ತುಟಿ ಬಿಗಿಹಿಡಿದು ಮತ್ತೆ ಗಾಡಿ ಹತ್ತಿದ. ಬಾಯಿ ತೆರೆದಾಗಲೆಲ್ಲ ಯಾರಾದರೊಬ್ಬರು ಏನಾದರೊಂದು ಹಚ್ಚುತ್ತಾರೆಂದು ಅವನಿಗೆ ತಿಳಿದುಹೋಗಿತ್ತು.

ಕ್ಲಿನಿಕ್ಕಿನಲ್ಲಿ ಅವನು ಬಾಯಿ ತೆರೆದದ್ದೇ ಆರತಿ ಡಾಕ್ಟರು ಹಿಂದಕ್ಕೆ ಸರಿದರು.

“ಇದ್ಯಾರ ಸುಣ್ಣ ಹಚ್ಚಿದಾರ?”

“ಪಕ್ಕದ ಮನಿ ಆಯಿರಿ.”

“ತಂಬಾಕು?”

“ಅದೂ ಅಕಿನ ರಿ.”

ಡಾಕ್ಟರು ಬಹಳ ಹೊತ್ತು ತೊಳೆದರು. “ಪುಣ್ಯಾಕ್ಕ ಹೋದ ಸರ್ತಿ ನಾ ಹಾಕಿದ ಮುಚ್ಚಳ ಗಟ್ಟಿ ಐತಿ. ಒಳಗ ಹೋಗಿಲ್ಲ,” ಎಂದರು. ಆಗ ಅರುಣಕುಮಾರ ಕಾಗದದ ಪೊಟ್ಟಣವನ್ನು ಪ್ರಸಾದದಂತೆ ಮುಂದೆ ಹಿಡಿದ.

“ಮೇಡಂ, ನಿಮ್ಮ ಔಷಧ ತೆಳ್ಳಗಾತಂತ್ರಿ. ಇದಿಷ್ಟ ಕೂಡಸ್ರಿ.”

ಡಾಕ್ಟರು ಪೊಟ್ಟಣ ಬಿಚ್ಚಿ ಮೂಸಿ, ಮಡಚಿ ಅವನ ಅಂಗಿಯ ಕಿಸೆಗೇ ತುರುಕಿದರು. “ನೀವು ದ್ರಾಕ್ಷಿ ಬೆಳಿಯೂರು ಹೌದಲ್ರಿ? ಬಳ್ಳಿಗೆ ರೋಗ ಬಂದ್ರ ರೋಗ ಸಾಯೂವಂಗ ಹೊಡೀತೀರೋ, ಬಳ್ಳಿ ಸಾಯೂವಂಗ ಹೊಡೀತೀರೋ?”

ಅರುಣಕುಮಾರ ಯೋಚಿಸಿ ಪ್ರಾಮಾಣಿಕವಾಗಿ ಉತ್ತರಿಸಿದ: “ಹೋದ ವರ್ಷ ಒಂದು ಸಾಲು ಬಳ್ಳಿ ಸತ್ತುವ್ರಿ. ಆದ್ರ ರೋಗ ಮಾತ್ರ ಒಂದೂ ಉಳೀಲಿಲ್ಲ ನೋಡ್ರಿ.”

ಡಾಕ್ಟರು ಸೋಮುವಿನ ಕಡೆ ತಿರುಗಿದರು. ಸೋಮುವಿನ ತುಟಿಗೆ ಸೂಜಿ ಚುಚ್ಚಿ ಮರಗಟ್ಟಿಸಿದರು. ಹಲ್ಲೊಂದನ್ನೇ ಹೊರಗೆ ಬಿಟ್ಟು ಬಾಯಿಗೆ ರಬ್ಬರಿನ ಹಾಳೆ ಕಟ್ಟಿದರು. ಮುಚ್ಚಳ ಬಿಚ್ಚಿ ಹಳೆಯ ಔಷಧ ತೊಳೆದರು. ಕೀವು ಇರಲಿಲ್ಲ. ಕೂದಲಿನಂಥ ಸೂಜಿಯನ್ನು ಬೇರಿನ ತುದಿಯಾಚೆಗೆ ಇಳಿಸಿ ಮೆಲ್ಲಗೆ ಕೆದಕಿದರು.

“ರಕ್ತ ಬರವಲ್ದು,” ಎಂದರು.

ಸೋಮು ಕಣ್ಣು ಮುಚ್ಚಿದ. ಕಣ್ಣ ಮುಂದೆ ಕುರಿಗಳು ಒಂದರ ಹಿಂದೊಂದು ದ್ರಾಕ್ಷಿ ಹಂದರದೊಳಗೆ ಹೊರಟಿದ್ದವು. ಡಾಕ್ಟರು ಮತ್ತೊಮ್ಮೆ ಕೆದಕಿದರು. ಅರುಣಕುಮಾರ ಹಿಂದಿನಿಂದ, “ತೆಳ್ಳಗಾತು, ನಾ ಹೇಳಿದ್ನಿ,” ಎಂದು ಗೊಣಗಿದ.

“ಬಂತು!” ಡಾಕ್ಟರ ದನಿ ಅರಳಿತು. “ನೋಡ್ರಿ ಬೇಕಾದ್ರ, ಹೆಂಗ ಏರಾಕತ್ತೈತಿ.”

ಅರುಣಕುಮಾರ ನೋಡಿದ. ರಕ್ತ ಕಂಡದ್ದೇ ತಡ, ಗಾಳಿಗೆ ಸಿಕ್ಕ ಹಂದರದಂತೆ ಕಂಬ ಸಮೇತ ಕುಸಿದ.

ಮುಖಕ್ಕೆ ನೀರು ಹೊಡೆದು ಎಬ್ಬಿಸಿ ಕೂರಿಸಿದ ಮೇಲೆ ಅವನು ಬೇರೆಯೇ ಮನುಷ್ಯನಾಗಿದ್ದ. ನಾಚಿಕೆಯೂ ಆಗಿತ್ತು, ಉಪಕಾರ ಮಾಡುವ ಆಸೆಯೂ ಹುಟ್ಟಿತ್ತು.

“ಮೇಡಂ, ನನ್ನ ಮಾತು ತಪ್ಪಾತ್ರಿ. ಹಲ್ಲಿಗೆ ಜೀವಾ ಬಂತಲ್ಲ, ಇನ್ನೊಂದ ಕೆಲಸ ಮಾಡ್ರಿ. ಅದರ ಮೂಲಿ ಮುರದೈತಿ, ನೋಡಾಕ ಮೊಂಡ ಕುಡಗೋಲ ಇದ್ದಂಗ ಕಾಣತೈತಿ. ಅದನ್ನೂ ತುಂಬಿಬಿಡ್ರಿ. ಖರ್ಚು ನಂದು. ಮುಂದ ಇವನ ಮದಿವಿ ಫೋಟೋದಾಗ ಚಂದ ಕಾಣಲಿ.”

“ತುಂಬಾಕ ಬರತೈತಿ,” ಎಂದರು ಡಾಕ್ಟರು. “ರಕ್ತ ಹೆಪ್ಪುಗಟ್ಟಿದ ಮ್ಯಾಲೆ ಮುಚ್ಚಳ ಹಾಕಬೇಕು. ಮೂಲಿನೂ ಮುಚ್ಚಳಾನೂ ಕೂಡಿ ಒಂದ ಮಾಡತೇನಿ. ತುಂಬ್ಲೇನ ಸೋಮು?”

ಹಲ್ಲು ಉಳಿದ ಸಂತೋಷದಲ್ಲಿ ಸೋಮು ತಲೆಯಾಡಿಸಿದ. ಮುಗಿದ ಮೇಲೆ ಕನ್ನಡಿ ಕೊಟ್ಟರು. ಅವನು ಬಹಳ ಹೊತ್ತು ಕನ್ನಡಿ ಬಿಡಲಿಲ್ಲ.

ಮರಳಿ ಬರುವಾಗ ತುಟಿ ಇನ್ನೂ ತಣ್ಣಗಿನ ರೊಟ್ಟಿಯಂತೆ ಜೋತಿತ್ತು. ಟಿಕೋಟಾದಲ್ಲಿ ಬಸಲಿಂಗಯ್ಯ ಹಲ್ಲು ನೋಡಿ, ಎಲ್ಲ ತನ್ನ ಪುಡಿಯಿಂದ ಆಯಿತೆಂದ. ಊರಲ್ಲಿ ಗೌರಾಬಾಯಿ ಸುಣ್ಣದಿಂದ ಆಯಿತೆಂದಳು. ಇಬ್ಬರಿಗೂ ಹೂಂ ಎಂದು ಸೋಮು ತೋಟದ ಕಡೆ ನಡೆದ. ಅರುಣಕುಮಾರನೂ ಜೊತೆಗೆ ಬಂದ.

ಬದುವಿನ ಮೇಲೆ ಅವ್ವ ಮಲಕವ್ವ ಕುರಿಗಳನ್ನು ತಡೆದು ತಡೆದು ಸುಸ್ತಾಗಿದ್ದಳು.

“ಬಂದೇನ ಯಪ್ಪಾ? ಮುಂಜಾನಿಂದ ಕುಣಸ್ಯಾವ ನನ್ನ. ಒಂದು ಸಿಳ್ಳ ಹಾಕು, ಮನಿ ಕಡೆ ಹೊಡಿಯೂಣು.”

ಅಷ್ಟರಲ್ಲಿ ಮುಂದಿನ ಕುರಿ ಹಂದರದ ಹಸಿರಿಗೆ ಮೂತಿ ತಿರುಗಿಸಿತ್ತು. ಸೋಮು ಎದೆ ತುಂಬ ಗಾಳಿ ಎಳೆದು, ಹಲ್ಲಿಗೆ ನಾಲಿಗೆ ಆನಿಸಿ ಊದಿದ.

ಫುಸ್.

ತುಟಿ ಇನ್ನೂ ಮರಗಟ್ಟಿದೆ ಎಂದುಕೊಂಡು ಉಜ್ಜಿಕೊಂಡ. ಮತ್ತೆ ಊದಿದ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟಂತಾಯಿತು. ಕುರಿಗಳು ಒಮ್ಮೆ ತಲೆಯೆತ್ತಿ ಅವನನ್ನು ಯಾರೋ ಬೇರೆಯವನೆಂಬಂತೆ ನೋಡಿದವು. ಆಮೇಲೆ ಹೊರಟವು.

“ಸಿಳ್ಳ ಹಾಕೋ ಲೇ! ಮುಂಜಾನೆ ಡಬಲ್ ಹೊಡಿಸೇನಿ!” ಅರುಣಕುಮಾರ ಕಿರುಚಿದ.

ಮೂವರೂ ಓಡಿದರು. ಕಿವಿ ಹಿಡಿದು, ಕಾಲು ಹಿಡಿದು, ಒಂದೊಂದನ್ನೇ ಎಳೆದು ತಂದರು. ಎಲೆಗೆ ಬಾಯಿ ಹಾಕುವ ಮೊದಲೇ ಸಿಕ್ಕದ್ದು ಪುಣ್ಯ. ಎಳೆದಾಟದಲ್ಲಿ ಹಂದರದ ಒಂದು ತುದಿ ನೆಲಕ್ಕೆ ಬಂದಿತ್ತು.

ಮಲಕವ್ವ ಏದುಸಿರು ಬಿಡುತ್ತ ಮಗನ ಗದ್ದ ಹಿಡಿದೆತ್ತಿದಳು. “ಎಲ್ಲಿ, ಬಾಯಿ ತಗಿ. ಮೂಲಿ ಎಲ್ಲಿ ಹೋತೋ?”

“ತುಂಬ್ಯಾರ ಬೇ. ಸಾವಕಾರ್ರು ತುಂಬಿಸ್ಯಾರ.”

“ಅಯ್ಯ ನನ್ನ ಕರ್ಮನ! ಆ ಮೂಲಿ ಮುರಿಯೂತನಕ ನಿನಗ ಸಿಳ್ಳ ಬರ್ತಿತ್ತೇನೋ? ಗಾಳಿ ಹೋಗೂ ಕಿಂಡಿನ ಅದು!”

ಸೋಮು ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದ. ಡಾಕ್ಟರು ಸಮಾಧಾನದಿಂದ ಕೇಳಿ ಹೇಳಿದರು: “ಮೂಲಿ ಮುಟ್ಟಬ್ಯಾಡ. ಅದೂ ಮುಚ್ಚಳಾನೂ ಒಂದ ಐತಿ. ಅದನ್ನ ತಗದ್ರ ಒಳಗ ಹುಳಾ ಹೊಕ್ಕು ಹಲ್ಲು ಸಾಯತೈತಿ. ಬೇರು ಬೆಳಿಯೂತನಕ ಹಂಗ ಇರಲಿ.”

“ಬೇರು ಎಂದ ಬೆಳೀತದ್ರಿ?”

“ವರ್ಷ ಆಗಬಹುದು, ಎರಡಾಗಬಹುದು. ಚೊಲೋ ಹಲ್ಲು, ಜ್ವಾಪಾನ ಮಾಡು.”

ಅರುಣಕುಮಾರ ಬಿದ್ದ ಹಂದರವನ್ನೇ ನೋಡುತ್ತ ನಿಂತಿದ್ದ. “ಸೋಮ್ಯಾ, ನಾಳಿಂದ ನಿನ್ನ ಕುರಿ ನಮ್ಮ ಬದುವಿನ ಮ್ಯಾಲ ಬ್ಯಾಡಪಾ. ಸಿಳ್ಳ ಇದ್ದಾಗಿನ ಮಾತು ಬ್ಯಾರೆ.”

“ಸಾವಕಾರ್ರ, ಮೂಲಿ ತುಂಬಸಿದವರು ನೀವ ಅಲ್ಲೇನ್ರಿ!”

“ಹೌದು. ಅದಕ್ಕೇನಾತು? ಎಲ್ಲಿ, ತೋರಸು.”

ಸೋಮು ಬಾಯಿ ತೆರೆದ. ಹಲ್ಲು ನಿಜಕ್ಕೂ ಬಹಳ ಚೆನ್ನಾಗಿ ಕಾಣುತ್ತಿತ್ತು.