ಮೊಣಕಾಲು ವಿಚಾರಿಸಿದ ಮಿಸ್ಟರ್ ಮೂರ್

ನೇರವಾಗಿ ವಿಷಯಕ್ಕೆ ಬರುವುದು ನನ್ನ ಜಾಯಮಾನದಲ್ಲೇ ಇಲ್ಲ. ಇದು ನನ್ನೊಬ್ಬನ ದೋಷವಲ್ಲ, ಮನೆತನದ್ದು. ಮೈಸೂರಿನಿಂದ ನಮ್ಮ ತಂದೆ ಬರೆಯುತ್ತಿದ್ದ ನೀಲಿ ಏರ್ ಲೆಟರುಗಳು 'ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರಬೇಕು' ಎಂದು ಶುರುವಾಗುತ್ತಿದ್ದವು. ಆಮೇಲೆ ಸೋದರತ್ತೆಯ ಕೆಮ್ಮು, ಎದುರುಮನೆಯವರ ಹಸು, ನಿವೃತ್ತರಾದ ಹೆಡ್‌ಮಾಸ್ಟರ ಕಣ್ಣಿನ ಪೊರೆ, ಹೀಗೆ ಎಲ್ಲರ ಯೋಗಕ್ಷೇಮ ಮುಗಿಯುವ ಹೊತ್ತಿಗೆ ಹಾಳೆಯೂ ಮುಗಿದಿರುತ್ತಿತ್ತು. ಯಾವ ಸಂಗತಿಗಾಗಿ ಕಾಗದ ಬರೆಯಲು ಕೂತಿದ್ದರೋ ಅದು ಅಂಟು ಹಚ್ಚುವ ಅಂಚಿನಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಇರುತ್ತಿತ್ತು. ನನ್ನ ತಂಗಿಗೆ ಗಂಡು ಗೊತ್ತಾದ ಸುದ್ದಿ ನನಗೆ ಬಂದದ್ದು ಹಾಗೆಯೇ. ಅರ್ಧ ಸುದ್ದಿ ಅಂಟಿನಲ್ಲಿ ಸಿಕ್ಕಿ ಹರಿದುಹೋಗಿ, ಗಂಡಿನ ಹೆಸರು ತಿಳಿಯಲು ಇನ್ನೊಂದು ಕಾಗದ ಬರುವ ತನಕ ಕಾಯಬೇಕಾಯಿತು.

ಇಂಥ ವಂಶದಲ್ಲಿ ಹುಟ್ಟಿದ ನಾನು ಅಮೆರಿಕದಲ್ಲಿ ವ್ಯಾಪಾರಕ್ಕಿಳಿದೆ, ಅದೂ ಕಾಗದ ಬರೆದು ಮಾಡುವ ವ್ಯಾಪಾರಕ್ಕೆ. ಎಪ್ಪತ್ತರ ದಶಕದ ನಡುಭಾಗದ ಮಾತು. ಪೆಟ್ರೋಲಿಗೆ ಬಂಕುಗಳ ಮುಂದೆ ಮೈಲುಗಟ್ಟಲೆ ಸಾಲು ನಿಂತು ಮುಗಿದಿತ್ತು, ಡೆಟ್ರಾಯಿಟಿನ ದೊಡ್ಡ ಕಾರುಗಳನ್ನು ಕೇಳುವವರಿರಲಿಲ್ಲ. ನಾನಿದ್ದದ್ದು ಡೆಟ್ರಾಯಿಟಿನ ಪಕ್ಕದ ಪ್ಲಿಮತ್ತಿನಲ್ಲಿ, ಕಾರಿನ ಬಾಗಿಲಿಗೆ ಕೀಲು, ಅಂದರೆ ಹಿಂಜು ಮಾಡಿಕೊಡುವ ಒಂದು ಕಂಪನಿಯ ಇಂಜಿನಿಯರಾಗಿ. ಕಾರೇ ಬೇಡವಾದ ಮೇಲೆ ಅದರ ಹಿಂಜು ಯಾರಿಗೆ ಬೇಕು? ಪ್ರತಿ ಶುಕ್ರವಾರ ಆಫೀಸಿನಲ್ಲಿ ಯಾರದೋ ಒಂದು ಮೇಜು ಖಾಲಿಯಾಗುತ್ತಿತ್ತು. ಸೋಮವಾರ ನನ್ನ ಮೇಜು ಇದ್ದಲ್ಲೇ ಇದೆಯೆಂದು ನೋಡಿಕೊಂಡ ಮೇಲೇ ನಾನು ಕೋಟು ತೆಗೆಯುತ್ತಿದ್ದೆ.

ಕೆಲಸ ಹೋದರೆ ಬಾಡಿಗೆ ಮನೆಯೂ ಹೋಗುತ್ತದೆ ಎನ್ನುವುದೇ ನನ್ನ ಹೆಂಡತಿ ವಿಮಲಳ ಚಿಂತೆ. ಆ ಮನೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ, ಅಡುಗೆಮನೆಯ ಕಿಟಕಿಯೊಂದನ್ನು ಬಿಟ್ಟು. ಅದಕ್ಕೆ ಮೊದಲು ನಾವಿದ್ದ ಅಪಾರ್ಟ್‌ಮೆಂಟಿನಲ್ಲಿ ವಿಮಲ ಒಗ್ಗರಣೆಗೆ ಸಾಸಿವೆ ಹಾಕಿದಳೆಂದರೆ, ಅದು ಸಿಡಿದು ಮುಗಿಯುವುದರೊಳಗೆ ಪಕ್ಕದವರು ಬಾಗಿಲು ಬಡಿಯುತ್ತಿದ್ದರು. ಒಂದು ಸಲವಂತೂ ಬೆಂಕಿ ಆರಿಸುವ ಸಿಲಿಂಡರನ್ನೇ ಹಿಡಿದು ಬಂದಿದ್ದರು. ಎರಡು ವರ್ಷ ಒಗ್ಗರಣೆಯಿಲ್ಲದ ಸಾರು ಉಂಡ ಮೇಲೆ ಈ ಮನೆ ಸಿಕ್ಕಿತ್ತು. ಕಿಟಕಿ ತೆರೆದರೆ ಹೊಗೆ ನೇರವಾಗಿ ಹಿತ್ತಿಲ ಮೇಪಲ್ ಮರಕ್ಕೆ ಹೋಗುತ್ತಿತ್ತು, ಮರ ಯಾವತ್ತೂ ದೂರು ಹೇಳಲಿಲ್ಲ. ಮೊದಲ ದಿನ ಇಂಗು ಹಾಕಿ ಒಗ್ಗರಣೆ ಕೊಟ್ಟು ಅವಳು ಕಣ್ಣೊರೆಸಿಕೊಂಡಿದ್ದು ಹೊಗೆಗಲ್ಲ. ಮಾಲೀಕರನ್ನು ನಾವು ನೋಡಿರಲಿಲ್ಲ. ಯಾರೋ ಮುದುಕಿ, ಫ್ಲಾರಿಡಾದಲ್ಲಿದ್ದಾರೆ ಎಂದಷ್ಟೇ ಗೊತ್ತಿತ್ತು. ತಿಂಗಳಿಗೊಮ್ಮೆ ಅವರ ತಂಗಿಯ ಮಗ ವಾಲ್ಟರ್ ಬಂದು ತನ್ನ ಹೆಸರಿಗೆ ಬರೆಸಿದ ಬಾಡಿಗೆಯ ಚೆಕ್ಕು ತೆಗೆದುಕೊಂಡು, ಕಾಫಿ ಕುಡಿದು ಹೋಗುತ್ತಿದ್ದ.

ಇಂಥ ಕಾಲದಲ್ಲಿ ವಿಮಲಳ ತಮ್ಮ ಗೋಪಿ, ಚಿಕಾಗೋ ಹತ್ತಿರದ ಎಲ್ಕ್ ಗ್ರೋವ್ ವಿಲೇಜಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವನು, ಫೋನ್ ಮಾಡಿದ. "ಭಾವ, ಈ ವೀಕೆಂಡ್ ಡ್ರೈವ್ ಮಾಡ್ಕೊಂಡು ಬಂದ್ಬಿಡಿ. ಇಲ್ಲೊಂದು ಮೋಟೆಲ್‌ನಲ್ಲಿ ಸೆಮಿನಾರ್ ಇದೆ. ಒಂದು ರೂಪಾಯಿ ಹಾಕ್ದೆ ಮನೆ ವ್ಯಾಪಾರ ಮಾಡೋದು ಹೇಳ್ಕೊಡ್ತಾರೆ" ಎಂದ. ಹೋದೆವು. ಕೆನೆಬಣ್ಣದ ಸೂಟು ಹಾಕಿದ್ದ ಮೇಷ್ಟರೊಬ್ಬರು ಎರಡು ದಿನ ನಮ್ಮನ್ನು ಕೂರಿಸಿ ಪಾಠ ಹೇಳಿದರು. ಮನೆ ಮಾರಲು ತುದಿಗಾಲಲ್ಲಿ ನಿಂತವರನ್ನು ಹುಡುಕಬೇಕು. ಅವರಿಂದ ಕಡಿಮೆ ಬೆಲೆಗೆ ಕರಾರು ಬರೆಸಿಕೊಂಡು, ಆ ಕರಾರನ್ನೇ ಇನ್ನೊಬ್ಬನಿಗೆ ದಾಟಿಸಿ, ನಡುವಿನ ಲಾಭ ಜೇಬಿಗಿಳಿಸಬೇಕು. ಮನೆ ಒಂದು ಗಳಿಗೆಯೂ ನಮ್ಮದಾಗುವುದಿಲ್ಲ. ಅಂಥವರನ್ನು ಹುಡುಕುವ ದಾರಿ ಅಂಚೆ. ಮನೆ ಒಂದೂರಲ್ಲಿ, ತಾವು ಇನ್ನೊಂದೂರಲ್ಲಿ ಇರುವ ಮಾಲೀಕರ ಪಟ್ಟಿ ಮಾಡಿ ಕಾಗದ ಹಾಕುತ್ತಾ ಹೋಗಿ, ವಿಳಾಸ ಕೈಯಲ್ಲೇ ಬರೆಯಿರಿ, ಕಾಗದ ಮೂರು ಸಾಲು ಮೀರದಿರಲಿ, ಮನೆಯ ಮೇಲೆ ಮಾತ್ರ ಮನಸ್ಸಿಡಬೇಡಿ ಎಂದರು. ನಾನು ಎಲ್ಲವನ್ನೂ ನೋಟ್ ಪುಸ್ತಕದಲ್ಲಿ ಅಡಿಗೆರೆ ಎಳೆದು ಬರೆದುಕೊಂಡೆ.

ಊರಿಗೆ ಬಂದು ಎರಡು ದಿನ ರಜ ಹಾಕಿ, ಕೌಂಟಿಯ ಆಸ್ತಿ ದಾಖಲೆ ಕಚೇರಿಯಲ್ಲಿ ಕೂತೆ. ದಪ್ಪ ರಿಜಿಸ್ಟರುಗಳಲ್ಲಿ ಮಾಲೀಕರ ಹೆಸರು, ಅವರೀಗ ಇರುವ ವಿಳಾಸ, ಜಾಗದ ನಂಬರು ಇರುತ್ತಿದ್ದವು. ಆ ನಂಬರಿನ ಮನೆ ಯಾವ ಬೀದಿಯಲ್ಲಿದೆ ಎಂದು ತಿಳಿಯಲು ಇನ್ನೊಂದು ರಿಜಿಸ್ಟರು ನೋಡಬೇಕು. ಆ ಕಷ್ಟವನ್ನು ಯಾರಾದರೂ ಮಾರುತ್ತೇನೆ ಎಂದ ಮೇಲೆ ಪಟ್ಟರಾಯಿತು ಎಂದು ಬಿಟ್ಟೆ. ಪಕ್ಕದ ಊರಿನ ಪೋಸ್ಟ್ ಆಫೀಸಿನಲ್ಲಿ ಒಂದು ಪೋಸ್ಟ್ ಬಾಕ್ಸ್ ಹಿಡಿದೆ. ಆಫೀಸಿನಲ್ಲಿ ರಾಮಮೂರ್ತಿ ಎನ್ನಲಾಗದೆ ನನ್ನನ್ನು ಮೂರ್ ಎಂದೇ ಕರೆಯುತ್ತಿದ್ದರು, ಕಾಗದಕ್ಕೂ ಅದೇ ಹೆಸರಿಟ್ಟೆ. 'ನಿಮ್ಮ ಮನೆ ಕೊಳ್ಳಲು ಇಚ್ಛಿಸುತ್ತೇನೆ. ಮಾರುವುದಾದರೆ ಬರೆಯಿರಿ. ಇತಿ, ಆರ್. ಮೂರ್.' ವಿಮಲಳ ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತದೆ, ವಿಳಾಸ ಬರೆದುಕೊಡು ಎಂದು ಕೇಳಿಕೊಂಡೆ. ಅವಳು ಒಳಗಿನ ಕಾಗದವನ್ನು ಓದಿ ಪೆನ್ನು ಕೆಳಗಿಟ್ಟಳು.

"ಏನ್ರೀ ಇದು, ಟೆಲಿಗ್ರಾಂ ಇದ್ದಹಾಗಿದೆ! ತೆಗೆದು ನೋಡಿದವರು ಮನೇಲಿ ಯಾರೋ ಹೋಗ್ಬಿಟ್ರು ಅಂದ್ಕೋತಾರೆ. ಗುರುತು ಪರಿಚಯ ಇಲ್ದೋರಿಗೆ ಬರೀತಾ ಇದೀರಿ, ಹೇಗಿದೀರಿ ಅಂತ ಒಂದು ಮಾತು ಕೇಳ್ಬಾರ್ದಾ?"

ಕೇಳಿದ್ದು ಅವಳಾದರೂ ದನಿ ನಮ್ಮ ತಂದೆಯದೇ ಅನ್ನಿಸಿತು. ಮೇಷ್ಟರ ಮೂರು ಸಾಲು ಅಲ್ಲಿಗೆ ಮುಗಿಯಿತು. 'ನಾವಿಲ್ಲಿ ಕ್ಷೇಮ. ಈ ಸಲದ ಚಳಿ ತಮಗೆ ತೊಂದರೆ ಕೊಡಲಿಲ್ಲವೆಂದು ನಂಬಿದ್ದೇನೆ. ತಮ್ಮ ಆರೋಗ್ಯ ಹೇಗಿದೆ? ಮೊಣಕಾಲು ನೋವು ಇತ್ಯಾದಿ ಏನೂ ಇಲ್ಲವಷ್ಟೆ?' ಎಂದು ಇಂಗ್ಲಿಷಿನಲ್ಲಿ ಒಂದು ಪುಟ ತುಂಬಿಸಿ, ಮನೆ ಕೊಳ್ಳುವ ವಿಷಯವನ್ನು ಕೊನೆಯ ಸಾಲಿನಲ್ಲಿ, ಸಹಿಯ ಪಕ್ಕ ಸೇರಿಸಿದೆ. ಮೊಣಕಾಲು ವಿಮಲಳ ಸಲಹೆ. ವಯಸ್ಸಾದವರಿಗೆ ಅದಿಲ್ಲದೆ ಇರುವುದಿಲ್ಲ ಎಂದಳು.

ಉತ್ತರಗಳು ಬಂದವು ನೋಡಿ! ನೂರು ಕಾಗದಕ್ಕೆ ಒಂದು ಉತ್ತರ ಬಂದರೆ ಪುಣ್ಯ ಎಂದಿದ್ದರು ಮೇಷ್ಟರು. ನನಗೆ ಪೋಸ್ಟ್ ಬಾಕ್ಸಿನ ಬಾಗಿಲು ಹಾಕಲು ಬರದಷ್ಟು ಬಂದವು. ಆದರೆ ಒಬ್ಬರೂ ಮನೆಯ ಸುದ್ದಿ ಎತ್ತಿರಲಿಲ್ಲ. ಒಬ್ಬರು ತಮ್ಮ ಸಂಧಿವಾತದ ಚರಿತ್ರೆಯನ್ನು ಎಂಟು ಪುಟ ಬರೆದಿದ್ದರು. ಇನ್ನೊಬ್ಬರು, ಸೈನ್ಯದಲ್ಲಿ ನನ್ನ ಜೊತೆಗಿದ್ದ ಮೂರ್‌ನ ಮಗನೇನಪ್ಪ ನೀನು, ಅವನ ಹಲ್ಲು ಈಗ ಹೇಗಿದೆ ಎಂದು ಕೇಳಿದ್ದರು. ಅರಿಜೋನಾದ ಅಜ್ಜಿಯೊಬ್ಬರು ಮಂಡಿಗೆ ಸುತ್ತಿಕೊಳ್ಳಲು ಉಲ್ಲನ್ನಿನ ಪಟ್ಟಿ ಹೆಣೆದು ಪಾರ್ಸೆಲ್ ಕಳಿಸಿದ್ದರು. ಭಾನುವಾರ ಗೋಪಿ ಫೋನ್ ಮಾಡಿ, "ಏನ್ ಭಾವ, ಎಷ್ಟು ಲೀಡ್ಸು ಬಂತು, ಎಷ್ಟು ಜನ ಮಾರ್ತೀನಿ ಅಂದ್ರು?" ಎಂದು ಕೇಳಿದಾಗ ನಾನು ಆ ಪಟ್ಟಿಯನ್ನು ಕಾಲಿಗೆ ಸುತ್ತಿಕೊಂಡೇ ಕೂತಿದ್ದೆ. ಬೆಚ್ಚಗಿತ್ತು. ಇವರಿಗೆಲ್ಲ ಮರು ಉತ್ತರ ಬರೆಯದಿದ್ದರೆ ಮರ್ಯಾದೆಯಲ್ಲ ಎಂದು ವಿಮಲ ಕೂರಿಸಿ ಬರೆಸುತ್ತಿದ್ದಳು. ಸ್ಟಾಂಪಿಗೆ ಹಾಕಿದ್ದನ್ನು ಬಿಟ್ಟರೆ ವ್ಯಾಪಾರ ಶುರುವಾದ ಲಕ್ಷಣವೇ ಇರಲಿಲ್ಲ.

ಹೀಗೆ ಬರೆಯುತ್ತಿದ್ದವರಲ್ಲಿ ಮಿಸೆಸ್ ಹೇಜಲ್ ಒಬ್ಬರು. ಫ್ಲಾರಿಡಾದಲ್ಲಿ ಒಂಟಿಯಾಗಿದ್ದರು. ನೋಯುವುದು ಎಡ ಮೊಣಕಾಲು. ಸಾಕಿದ್ದ ಗಿಳಿಯ ಹೆಸರು ಡೀಕನ್, ಅದು ರೇಡಿಯೋದಲ್ಲಿ ಹವಾಮಾನ ವರದಿ ಬಂದಾಗ ಮಾತ್ರ ಮಾತಾಡುತ್ತಿತ್ತು. ಅಮೆರಿಕದಲ್ಲಿ ಫ್ಲಾರಿಡಾಕ್ಕೆ ಹೋಗಿ ನೆಲೆಸಿದ ಮುದುಕಿಯರು ಲಕ್ಷಾಂತರ ಇರುವುದರಿಂದ ನನಗೆ ಯಾವ ಅನುಮಾನವೂ ಬರಲಿಲ್ಲ. ಮೂರನೆಯ ಕಾಗದದಲ್ಲಿ ಅವರು, 'ಮಿಸ್ಟರ್ ಮೂರ್, ನನ್ನದೊಂದು ಮನೆಯಿದೆ, ಮಾರಿಬಿಡೋಣ ಎನ್ನಿಸುತ್ತಿದೆ. ಬೇರೆಯವರಿಗೆ ಕೊಡುವ ಯೋಚನೆಯಿತ್ತು. ಆದರೆ ನೀವಾಗಿ ನನ್ನ ಕಾಲಿನ ವಿಚಾರ ಕೇಳಿದಿರಿ' ಎಂದು ಬರೆದರು. ನಾನು ಕುಣಿದಾಡಿಬಿಟ್ಟೆ. ಮೇಷ್ಟರ ಪಾಠದ ಪ್ರಕಾರ ಆಗ ಮನೆ ಎಲ್ಲಿದೆ, ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಬೇಕಿತ್ತು. ಅಷ್ಟು ಒಳ್ಳೆಯವರ ಹತ್ತಿರ ಥಟ್ಟನೆ ಅದನ್ನೆಲ್ಲ ಕೇಳಲು ನನಗೆ ನಾಚಿಕೆಯಾಯಿತು. 'ಮನೆ ಎಲ್ಲಿದ್ದರೇನು, ನಿಮಗೆ ನ್ಯಾಯವೆಂದು ತೋರಿದ ಬೆಲೆ ನನಗೂ ಒಪ್ಪಿಗೆ. ಡೀಕನ್ ಈಗ ಸರಿಯಾಗಿ ತಿನ್ನುತ್ತಿದ್ದಾನೆಯೇ?' ಎಂದು ಬರೆದು ಹಾಕಿದೆ.

ಮುಂದಿನ ಶನಿವಾರ ವಾಲ್ಟರ್ ಬಂದ. ಚೆಕ್ಕು ಜೇಬಿಗಿಟ್ಟುಕೊಂಡ ಮೇಲೂ ಕಾಫಿ ಲೋಟ ಹಿಡಿದು ಕೂತೇ ಇದ್ದ. ಆಮೇಲೆ ಹೇಳಿದ, "ನನ್ನ ದೊಡ್ಡಮ್ಮ ಹೇಜಲ್ ಈ ಮನೆ ಮಾರಬೇಕು ಅಂತಿದ್ದಾರೆ. ನಿಮಗೇ ಸುಲಭದ ಬೆಲೆಗೆ ಕೊಡೋಣ ಅಂತ ನಾವು ಮಾತಾಡಿಕೊಂಡಿದ್ದೆವು. ಅಷ್ಟರಲ್ಲಿ ಎಲ್ಲಿಂದಲೋ ಮೂರ್ ಅನ್ನುವವನೊಬ್ಬ ಗಂಟುಬಿದ್ದಿದ್ದಾನೆ. ಎಷ್ಟು ಹೇಳಿದರೂ ಕೊಡುತ್ತಾನಂತೆ. ನೀವು ಅವನಿಗಿಂತ ಹೆಚ್ಚು ಕೊಡುವುದಾದರೆ ಸರಿ. ಇಲ್ಲವಾದರೆ ಬೇರೆ ಮನೆ ನೋಡಿಕೊಳ್ಳಬೇಕಾಗುತ್ತೆ. ನನಗಂತೂ ಆ ಮನುಷ್ಯನ ಮೇಲೆ ನಂಬಿಕೆಯಿಲ್ಲ. ನೆಟ್ಟಗಿರುವವನು ಯಾರಾದರೂ ಕಂಡರಿಯದ ಮುದುಕಿಯ ಮೊಣಕಾಲು ವಿಚಾರಿಸುತ್ತಾನಾ?"

ನಾನು ಕುಡಿಯುತ್ತಿದ್ದ ಕಾಫಿ ನೆತ್ತಿಗೆ ಹತ್ತಿತು. ವಿಮಲ ಎದ್ದು ಅಡುಗೆಮನೆಗೆ ಹೋದಳು. ಆ ಕಿಟಕಿಯನ್ನು ತೆರೆಯುವ ಸದ್ದು, ಮತ್ತೆ ಮುಚ್ಚುವ ಸದ್ದು ಕೇಳಿಸಿತು. ವಾಲ್ಟರ್ ಕಾರು ಹತ್ತುವ ತನಕ ಕಾದು ಈಚೆಗೆ ಬಂದಳು.

"ಈಗ ಆ ಮೂರ್ ಅನ್ನೋರಿಗೆ ಹೇಳಿ, ದಮ್ಮಯ್ಯ ಅಂತೀನಿ, ನಮ್ಮ ಮನೆ ಬಿಟ್ಬಿಡಿ ಅಂತ."

"ಮೊಣಕಾಲು ಬರೀರಿ ಅಂದಿದ್ದು ನೀನೇ ಅಲ್ವೇನೆ?" ಎಂದೆ.

"ಮೊಣಕಾಲು ಕೇಳಿ ಅಂದೆ. ಎಷ್ಟು ಹೇಳಿದ್ರೂ ಕೊಡ್ತೀನಿ ಅಂತ ಬರೀರಿ ಅಂದ್ನಾ?"

ಸಲಹೆ ಕೇಳೋಣವೆಂದು ಗೋಪಿಗೆ ಫೋನ್ ಮಾಡಿದರೆ ಅವನು ಹಿಗ್ಗಿಹೋದ. "ಸೂಪರ್ ಭಾವ, ಫಸ್ಟ್ ಡೀಲು! ಮೂರ್ ಕರಾರು ಮಾಡ್ಕೊಳ್ಳಲಿ, ಮೂರ್ತಿಗೆ ದಾಟಿಸ್ಲಿ. ನಡುವಿನ ಲಾಭ ನಿಮಗೇ ಅಲ್ವಾ?" ಎಂದ. ಆ ಲಾಭವನ್ನು ಕೊಡಬೇಕಾದವನೂ ನಾನೇ ಎಂದು ವಿವರಿಸಲು ಹೋದೆ. ಅವನು ಸೆಮಿನಾರಿನಲ್ಲಿ ನನಗಿಂತ ಮುಂದಿನ ಸಾಲಿನಲ್ಲಿ ಕೂತಿದ್ದವನು, ಒಪ್ಪಲಿಲ್ಲ.

ಮಿಸ್ಟರ್ ಮೂರ್ ಹಿಂದೆ ಸರಿದರು. ಕೌಟುಂಬಿಕ ಕಾರಣದಿಂದ ಮನೆ ಕೊಳ್ಳಲಾಗುತ್ತಿಲ್ಲ, ಕ್ಷಮಿಸಬೇಕು, ಕಾಲಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡಿ ಎಂದು ಬರೆದರು. ಕೌಟುಂಬಿಕ ಕಾರಣ ಎದುರಿಗೇ ಕೂತು ಲಕೋಟೆಯ ಮೇಲೆ ವಿಳಾಸ ಬರೆಯುತ್ತಿತ್ತು. ಅದೇ ದಿನ ಬಾಡಿಗೆದಾರ ಮೂರ್ತಿಯೂ ಮಾಲೀಕರಿಗೆ ಮೊದಲ ಸಲ ಬರೆಯಬೇಕಾಯಿತು. ನನ್ನ ಅಕ್ಷರ, ವಿಮಲಳ ಅಕ್ಷರ ಎರಡೂ ಅವರಿಗೆ ಗೊತ್ತಾಗಿಬಿಟ್ಟಿದ್ದರಿಂದ ಆಫೀಸಿನಲ್ಲಿ ಟೈಪ್ ಮಾಡಿಸಿದೆ. 'ತಮ್ಮ ಮನೆ ಕೊಳ್ಳಲು ಇಚ್ಛಿಸುತ್ತೇವೆ. ದಯವಿಟ್ಟು ಬೆಲೆ ತಿಳಿಸಿರಿ.' ಕುಶಲ ಕೇಳಲು ಕೈ ಬರಲಿಲ್ಲ. ಮೊಣಕಾಲು ಎಂದೇನಾದರೂ ಬಾಯಿಬಿಟ್ಟರೆ ಬಣ್ಣ ಬಯಲಾಗುತ್ತಿತ್ತು. ಕೆನೆಬಣ್ಣದ ಸೂಟಿನ ಮೇಷ್ಟರು ನೋಡಿದ್ದರೆ ನನಗೆ ಪೂರ್ತಿ ಅಂಕ ಕೊಡುತ್ತಿದ್ದರು.

ಉತ್ತರ ಬರುವ ತನಕದ ಹತ್ತು ದಿನ ವಿಮಲ ಕಿಟಕಿ ತೆರೆದಿಟ್ಟು ದಿನಕ್ಕೆ ಎರಡು ಹೊತ್ತೂ ಒಗ್ಗರಣೆ ಹಾಕಿದಳು. ಇನ್ನೆಷ್ಟು ದಿನವೋ ಎನ್ನುವಂತೆ ಉಪ್ಪಿಟ್ಟಿಗೆ, ಗೊಜ್ಜಿಗೆ, ಬರೀ ಮೊಸರಿಗೂ ಹಾಕಿದಳು. ನಾನು ಎಲ್ಲವನ್ನೂ ತಟ್ಟೆ ಬಳಿದು ಉಂಡೆ.

ಹನ್ನೊಂದನೆಯ ದಿನ ಮನೆಯ ವಿಳಾಸಕ್ಕೇ ಕಾಗದ ಬಂತು. ಹಳೆಯ ಸುಲಭದ ಬೆಲೆಗೆ ಮನೆ ನಿಮ್ಮದು ಎಂದಿತ್ತು. ವಿಮಲ ಅಲ್ಲೇ ದೇವರ ಪಟಕ್ಕೆ ಕೈಮುಗಿದಳು. ಕೆಳಗೆ ಇನ್ನೂ ನಾಲ್ಕು ಸಾಲಿದ್ದವು. 'ಸತ್ಯ ಹೇಳಬೇಕೆಂದರೆ ಈ ಮನೆಯನ್ನು ಇನ್ನೊಬ್ಬ ಸಜ್ಜನರಿಗೆ ಕೊಡಲು ನನಗೆ ಮನಸ್ಸಿತ್ತು. ಅವರು ನನ್ನ ಮುಖ ನೋಡಿದವರಲ್ಲ, ಆದರೂ ಹೇಗಿದ್ದೀರಿ ಎಂದು ಕೇಳಿದರು. ನೀವು ನಾಲ್ಕು ವರ್ಷ ನನ್ನ ಮನೆಯಲ್ಲಿದ್ದೀರಿ. ಬಾಡಿಗೆ ಒಂದು ದಿನವೂ ತಡಮಾಡಲಿಲ್ಲ, ಸಂತೋಷ. ಬದುಕಿದ್ದೀರಾ ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ.'

ವಿಮಲ ಜೋರಾಗಿ ಓದುತ್ತಿದ್ದವಳು ಕೊನೆಯ ಸಾಲಿಗೆ ದನಿ ಇಳಿಸಿದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಗುರುತಿಲ್ಲದ ಇನ್ನೂರು ಜನರ ಕ್ಷೇಮ ವಿಚಾರಿಸಿದ್ದೆ, ಯಾರ ಸೂರಿನಡಿ ಮಲಗುತ್ತಿದ್ದೆನೋ ಅವರ ಹೆಸರು ಕೂಡ ಕೇಳಿರಲಿಲ್ಲ. ಕೂಡಲೇ ಮೂರ್ತಿಯ ಹೆಸರಿನಲ್ಲಿ, ತಾವು ಸೌಖ್ಯವೇ ಎಂದು ಇನ್ನೊಂದು ಕಾಗದ ಟೈಪ್ ಮಾಡಿಸಿ ಹಾಕಿದೆ. 'ಸೌಖ್ಯ, ವಂದನೆಗಳು' ಎಂದು ಒಂದು ಕಾರ್ಡು ಬಂತು, ಅಷ್ಟೇ. ಅದೇ ವಾರ ಪೋಸ್ಟ್ ಬಾಕ್ಸಿನಲ್ಲಿ ಮಿಸ್ಟರ್ ಮೂರ್‌ಗೆ ಆರು ಪುಟ. ಕಾಲಿನ ಊತ, ಡೀಕನ್‌ನ ಹೊಸ ಮಾತು, ಎಲ್ಲ ಇತ್ತು. 'ಮನೆಯನ್ನು ಆ ಇಂಡಿಯಾದ ದಂಪತಿಗೇ ಕೊಟ್ಟೆ. ಒಳ್ಳೆಯ ಜನ, ಆದರೆ ನಿಮ್ಮ ಹಾಗಲ್ಲ, ತುಂಬಾ ಬಿಗಿ' ಎಂದೂ ಇತ್ತು. ನನಗೆ ಆ ಮೂರ್‌ನನ್ನು ಕಂಡರೆ ಹೊಟ್ಟೆಕಿಚ್ಚಾಯಿತು.

ಕಂಪನಿಯಲ್ಲಿ ನನ್ನ ಮೇಜು ಉಳಿಯಿತು, ಮನೆ ನಮ್ಮದಾಯಿತು, ವ್ಯಾಪಾರ ಅಲ್ಲಿಗೆ ನಿಂತಿತು. ಪೋಸ್ಟ್ ಬಾಕ್ಸನ್ನು ಮಾತ್ರ ಪ್ರತಿ ವರ್ಷ ನವೀಕರಿಸುತ್ತಾ ಬಂದಿದ್ದೇನೆ. ಮಿಸೆಸ್ ಹೇಜಲ್‌ಗೆ ನಿಜ ಹೇಳಿಬಿಡಿ ಎಂದು ವಿಮಲ ಹೇಳುತ್ತಲೇ ಇರುತ್ತಾಳೆ. ನನಗೂ ಹೇಳಬೇಕೆಂದೇ ಇದೆ. ಪ್ರತಿ ತಿಂಗಳೂ ಈ ಸಲ ಖಂಡಿತ ಎಂದುಕೊಂಡೇ ಕೂರುತ್ತೇನೆ. ಮೊದಲು ಎಡ ಮೊಣಕಾಲು ಕೇಳಿ, ಡೀಕನ್‌ನನ್ನು ಕೇಳಿ, ಅವರ ಪಕ್ಕದ ಮನೆಯವರ ನಾಯಿ ಮರಿ ಹಾಕಿದ್ದನ್ನು ಕೇಳಿ, ಇಲ್ಲಿಯ ಹಿಮದ ಸುದ್ದಿ ಬರೆಯುತ್ತೇನೆ. ಅಷ್ಟು ಹೊತ್ತಿಗೆ ನೋಡಿದರೆ, ನಮ್ಮ ತಂದೆಯ ಕಾಗದಗಳ ಹಾಗೆ, ಹಾಳೆಯಲ್ಲಿ ಅಂಚೊಂದೇ ಉಳಿದಿರುತ್ತದೆ.