ಹಾಲೆಂಡಿನಂಥ ಓಣಿಯಲ್ಲೊಂದು ಮನೆ

ಹಾವೇರಿ ಜಿಲ್ಲೆಯಲ್ಲಿ ಶಾಂತಿ ಎಂಬುದು ಎಲ್ಲಿ ಅಡಗಿ ಕೂತಿದ್ದರೂ ಅದನ್ನು ಹುಡುಕಿ ತೆಗೆದು, ಅದರ ಪಕ್ಕದಲ್ಲೇ ಒಂದು ಮನೆ ಕೊಂಡುಬಿಡುತ್ತೇನೆ ಎಂದು ನಾನು ಪ್ರತಿಜ್ಞೆ ಮಾಡಿದ್ದು ವಿಮಾನದಲ್ಲಿ. ಅಷ್ಟು ಎತ್ತರದಲ್ಲಿ ಮಾಡಿದ ಪ್ರತಿಜ್ಞೆಯನ್ನು ಕೆಳಗಿಳಿದ ಮೇಲೆ ಬುದ್ಧಿವಂತರು ಮರೆತುಬಿಡುತ್ತಾರೆ. ನಾನು ಮರೆಯಲಿಲ್ಲ.

ನಾನು ಶಂಭುಲಿಂಗ, ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಪ್ರಚಾರದ ಅಧಿಕಾರಿ. ಹಳ್ಳಿ ಹಳ್ಳಿಗೆ ಹೋಗಿ, ಮೈಕು ಹಿಡಿದು, "ರೈತ ಬಾಂಧವರೇ" ಎಂದು ಶುರು ಮಾಡಿ, ನಮ್ಮ ಟೊಮೆಟೊ ಬೀಜದ ಮಹಿಮೆಯನ್ನು ಪುರಾಣದಂತೆ ಹೇಳುವುದು ನನ್ನ ಕಸುಬು. ಕಂಪನಿಯವರು ಒಮ್ಮೆ ಪ್ರಸನ್ನರಾಗಿ ನಮ್ಮಲ್ಲಿ ಕೆಲವರನ್ನು ಬೀಜ ನೋಡಿ ಬರಲು ಹಾಲೆಂಡಿಗೆ ಕಳಿಸಿದರು. ಉಳಿದವರು ಬೀಜ ನೋಡಿದರು, ನಾನು ಮನೆಗಳನ್ನು ನೋಡಿದೆ.

ನಮ್ಮನ್ನು ಇಳಿಸಿದ್ದು ಒಂದು ಊರಿನ ಹಿಂದಿನ ಓಣಿಯಲ್ಲಿ. ಕೆಂಪು ಇಟ್ಟಿಗೆಯ ಸಾಲು ಮನೆಗಳು, ಮುಂದೆ ಅಂಗೈಯಗಲದ ತೋಟ, ಕಿಟಕಿಗೆ ಪರದೆ ಕೂಡ ಇಲ್ಲ. ಒಳಗೆ ಮಂದಿ ಕೂತು ಮಾತಾಡುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಸೈಕಲ್ಲುಗಳು ಬೆಕ್ಕಿನ ಹಾಗೆ ಸದ್ದಿಲ್ಲದೆ ಹೋಗುತ್ತಿದ್ದವು. ಒಬ್ಬರ ಮನೆಗೆ ಇನ್ನೊಬ್ಬರು ಹೋಗಬೇಕಾದರೆ ಮೊದಲು ಫೋನು ಮಾಡಿ, ಹೊತ್ತು ಗೊತ್ತು ಮಾಡಿಕೊಂಡು, ಆಮೇಲೆ ಹೋಗುತ್ತಾರಂತೆ. ಒಂದು ಮನೆಯ ಮುಂದೆ 'ಮಾರಾಟಕ್ಕಿದೆ' ಎಂಬ ಹಲಗೆ ಇತ್ತು. ಅದರೆದುರು ನಾನು ಎಷ್ಟು ಹೊತ್ತು ಕೈಕಟ್ಟಿ ನಿಂತೆನೆಂದರೆ, ಜೊತೆಯಲ್ಲಿದ್ದ ತೇಜಸ ಬಂದು ತೋಳು ಹಿಡಿದು ಎಳೆದ.

"ಬರ್ರಿ ಸರ, ಅದು ನಮ್ಮ ಪಗಾರಕ್ಕ ಬರೂ ಮನಿ ಅಲ್ಲ."

ಬೇಡ, ಇಂಥದ್ದನ್ನೇ ನಮ್ಮೂರಲ್ಲಿ ಕೊಳ್ಳುತ್ತೇನೆ ಎಂದುಕೊಂಡೆ. ಊರಿಗೆ ಬಂದವನೇ ಹೆಂಡತಿ ಶೀಲಾಳ ಮುಂದೆ ಹಾಲೆಂಡಿನ ಶಾಂತಿಯನ್ನು ವರ್ಣಿಸಿದೆ. ಆಗ ನಾವು ಇದ್ದದ್ದು ಬಸ್‌ ನಿಲ್ದಾಣದ ಹಿಂದೆ, ಕಿರಾಣಿ ಅಂಗಡಿಯ ಮೇಲಿನ ಬಾಡಿಗೆ ಮನೆಯಲ್ಲಿ. ಕಂಡಕ್ಟರನ ಶಿಳ್ಳೆಗೆ ಎದ್ದು, ಹೊಟೇಲಿನ ಕಪ್ಪು ಬಸಿಗಳ ಸದ್ದಿಗೆ ಊಟ ಮಾಡುವ ಬಾಳು. ನನಗೆ ಅದು ಸಾಕಾಗಿತ್ತು. ಆದರೆ ಶೀಲಾ ಮೋಟೆಬೆನ್ನೂರಿನ ಒಕ್ಕಲುತನದ ಮನೆಯ ಮಗಳು, ತುಂಬಿದ ಮನೆಯಲ್ಲಿ ಬೆಳೆದವಳು. ಅವಳಿಗೆ ದಿನಕ್ಕೆ ನಾಲ್ಕು ಮಂದಿಯ ಜೊತೆ ಮಾತಾಡದಿದ್ದರೆ ಉಂಡದ್ದು ಅರಗುವುದಿಲ್ಲ.

"ಅಲ್ರಿ, ಅಷ್ಟು ಸುಮ್ನ ಇರೂ ಓಣ್ಯಾಗ ನಾ ಯಾರ ಕೂಡ ಮಾತಾಡ್ಲಿ?" ಎಂದಳು.

"ನನ್ನ ಕೂಡ ಮಾತಾಡು."

"ನಿಮ್ಮ ಕೂಡ ಮಾತಾಡೂದಂದ್ರ ನೀವು ಮಾತಾಡೂದು, ನಾ ಕೇಳೂದು."

ಹೀಗೆ ನನಗೆ ಸದ್ದಿಲ್ಲದ ಮನೆ ಬೇಕು, ಅವಳಿಗೆ ಮಂದಿ ಇರುವ ಮನೆ ಬೇಕು. ಕೊಳ್ಳುವುದು ಒಂದೇ ಮನೆ, ಅದೂ ಜನ್ಮಕ್ಕೊಂದೇ ಸಲ. ಇಬ್ಬರಲ್ಲಿ ಒಬ್ಬರು ಸೋಲಲೇಬೇಕು. ಅದು ನಾನಲ್ಲ ಎಂಬ ವಿಷಯದಲ್ಲಿ ನನಗೆ ಯಾವ ಸಂಶಯವೂ ಇರಲಿಲ್ಲ.

ಹಾವೇರಿ ರಸ್ತೆಯ ಕಡೆ, ಊರ ಹೊರಗಿನ ಬಡಾವಣೆಯಲ್ಲಿ ಒಂದು ಮನೆ ಮಾರಾಟಕ್ಕಿದೆ ಎಂದು ತಿಳಿದದ್ದು ಶೀಗಿ ಹುಣ್ಣಿಮೆಯ ಮುಂಚಿನ ದಿನ. ಹುಣ್ಣಿಮೆಗೆ ನನಗೂ ರಜೆ. ಅವತ್ತು ನಮ್ಮ ಕಡೆ ಹೊಲ ಇದ್ದವರೆಲ್ಲ ಮನೆಗೆ ಬೀಗ ಹಾಕಿ, ಬುಟ್ಟಿ ತುಂಬ ಅಡುಗೆ ಹೊತ್ತು ಹೊಲಕ್ಕೆ ಹೋಗಿ, ತೆನೆ ಹೊತ್ತು ನಿಂತ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಅಲ್ಲೇ ಉಂಡು ಸಂಜೆಗೆ ಬರುತ್ತಾರೆ. ನಾವೂ ಮೋಟೆಬೆನ್ನೂರಿನ ಮಾವನ ಹೊಲಕ್ಕೆ ಹೊರಟಿದ್ದೆವು. ಸ್ಕೂಟರ್ ನಡೆಸುವವಳು ಶೀಲಾ, ಯಾಕೆಂದರೆ ನಾನು ಮಾತಾಡುವಾಗ ಎರಡೂ ಕೈ ಬಳಸುತ್ತೇನೆ. ಹಿಂದೆ ಕೂತ ನನ್ನ ತೊಡೆಯ ಮೇಲೆ ಚರಗದ ಬುಟ್ಟಿ. ಅದರೊಳಗಿನ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕರ್ಚಿಕಾಯಿಗಳ ಪರಿಮಳ ನೇರ ಮೂಗಿಗೇ ಬರುತ್ತಿತ್ತು. ದಾರಿಯಲ್ಲೇ ಇದೆಯಲ್ಲ, ಮನೆ ನೋಡಿಕೊಂಡೇ ಹೋಗೋಣ ಎಂದೆ.

ಬಡಾವಣೆಯೊಳಗೆ ಕಾಲಿಟ್ಟೆ ನೋಡಿ, ನನ್ನ ಕಣ್ಣಲ್ಲಿ ನೀರು ಬಂತು. ಹಾಲೆಂಡೇ ಬಂದು ಇಲ್ಲಿ ಇಳಿದಿದೆ. ಒಂದು ಮಾತಿಲ್ಲ, ಒಂದು ಕೂಗಿಲ್ಲ. ಎಲ್ಲ ಬಾಗಿಲೂ ಮುಚ್ಚಿವೆ. ಒಬ್ಬರ ತಂಟೆಗೆ ಒಬ್ಬರು ಹೋಗದ ಎಂಥ ಸಂಸ್ಕಾರವಂತ ಜನ ಎಂದು ಮನಸ್ಸಿನಲ್ಲೇ ಕೈಮುಗಿದೆ. ಮನೆಯ ಪಕ್ಕದಲ್ಲಿ ಒಂದು ಖಾಲಿ ನಿವೇಶನ ಬೇರೆ ಇತ್ತು. ಹಕ್ಕಿಯ ದನಿ ಕೇಳಲೆಂದೇ ಬಿಟ್ಟ ಜಾಗ ಅದು ಎಂದು ಶೀಲಾಳಿಗೆ ವಿವರಿಸಿದೆ. ಅವಳು ಪಕ್ಕದ ಮನೆಯ ಕಂಪೌಂಡಿನಾಚೆ ಇಣುಕಿದಳು, ಎದುರು ಮನೆಯ ಬಾಗಿಲ ಬೀಗವನ್ನು ನೋಡಿದಳು, ಬೀದಿಯಲ್ಲಿ ಬಿದ್ದಿದ್ದ ಚೆಂಡುಹೂವಿನ ಎಸಳುಗಳನ್ನು ನೋಡಿದಳು.

ಮನೆ ಮಾರುವವರು ಶ್ರೀನಿವಾಸ ಎಂಬ ನಿವೃತ್ತರು. ಹೊಲವಿಲ್ಲದ ಪಟ್ಟಣದ ಮನುಷ್ಯ. ಮಗಳು ದೀಪಾಲಿಯ ಮನೆಯ ಹತ್ತಿರ ಇರಲು ಹಾವೇರಿಗೆ ಹೊರಟಿದ್ದರು.

"ಇಲ್ಲಿ ಗದ್ದಲ ಏನರ ಇರ್ತೈತೇನ್ರಿ?" ಎಂದು ಕೇಳಿದೆ.

"ಈಗ ನೀವ ನೋಡ್ಲಿಕತ್ತೀರಲ್ಲ, ನಾ ಏನ ಹೇಳ್ಲಿ?" ಎಂದು ಅವರು ಚಹಾದ ಕಪ್ಪಿನೊಳಗೆ ನೋಡುತ್ತ ಉತ್ತರಿಸಿದರು.

ನಾನು ಶೀಲಾಳ ಕಡೆ ತಿರುಗಿದೆ. ಒಂದು ಸೀರೆ ಕೊಳ್ಳಲು ಅಂಗಡಿಯ ಅಟ್ಟ ಇಳಿಸುವ ಹೆಂಗಸು, "ಮನಿ ಛೊಲೊ ಐತ್ರಿ, ತಗೊಳ್ಳೂಣು," ಎಂದುಬಿಟ್ಟಳು. ನನ್ನ ವಾಕ್ಚಾತುರ್ಯ ಕೊನೆಗೂ ಫಲ ಕೊಟ್ಟಿತೆಂದು ತಿಳಿದು, ಅವಳು ಮನಸ್ಸು ಬದಲಿಸುವುದರೊಳಗೆ ಶ್ರೀನಿವಾಸರಿಗೆ ಮುಂಗಡದ ಸಂಚಕಾರ ಕೊಟ್ಟು ಕೈ ಕುಲುಕಿದೆ. ಮಾವನ ಹೊಲದಲ್ಲಿ ಅವತ್ತು ನಾನು ಉಂಡದ್ದಕ್ಕಿಂತ ಹೇಳಿದ್ದೇ ಹೆಚ್ಚು.

ದೀಪಾವಳಿ ಕಳೆದು, ನೋಂದಣಿ ಮುಗಿಸಿ, ಹಾಲು ಉಕ್ಕಿಸಿ ಹೊಸ ಮನೆಗೆ ಬಂದೆವು. ಮೊದಲ ಮುಂಜಾನೆ ನಾನು ಎದ್ದದ್ದು ಚಪ್ಪಾಳೆಯ ಸದ್ದಿಗೆ. ಯಾರೋ ನನ್ನನ್ನು ಸ್ವಾಗತಿಸುತ್ತಿದ್ದಾರೆ ಅನ್ನಿಸಿತು. ಸಾಲು ಮನೆಗಳಲ್ಲೆಲ್ಲ ಜೋಳದ ರೊಟ್ಟಿ ಬಡಿಯುತ್ತಿದ್ದರು. ಈ ಅಡುಗೆಮನೆ ನಿಲ್ಲಿಸಿದರೆ ಆ ಅಡುಗೆಮನೆ ಎತ್ತಿಕೊಳ್ಳುತ್ತಿತ್ತು. ಅದರ ಮೇಲೆ ಪಕ್ಕದ ಮನೆಯ ರೇಣುಕವ್ವ, ಬೀದಿಯ ಆ ತುದಿಯ ಮನೆಯವರಿಗೆ ಇಲ್ಲಿಂದಲೇ ಹೆಪ್ಪಿಗೆ ಮಜ್ಜಿಗೆ ಕೇಳುತ್ತಿದ್ದಳು. ಎದುರು ಮನೆಯ ಜಹೀರನ ಟ್ರ್ಯಾಕ್ಟರ್ ಗುಡುಗುತ್ತಿತ್ತು. ಹೊರಗೆ ಬಂದು ನೋಡಿದರೆ ಬೀದಿಯುದ್ದಕ್ಕೂ ಗೋವಿನಜೋಳ ಒಣಹಾಕಿದ್ದಾರೆ. ಹಕ್ಕಿಗಳಿಗೆಂದು ನಾನು ಮೀಸಲಿಟ್ಟ ಖಾಲಿ ನಿವೇಶನದಲ್ಲಿ ತೆನೆಯ ರಾಶಿ, ರಾಶಿಯ ಪಕ್ಕ ಕಾಳು ಬಿಡಿಸುವ ಯಂತ್ರ. ನನ್ನ ಕಣ್ಣ ಮುಂದೆಯೇ ಅದು ಶುರುವಾಯಿತು. ಮನೆಯ ಕಿಟಕಿಯ ಗಾಜುಗಳು ಹಲ್ಲು ಕಡಿದವು.

ನಾನು ಯಂತ್ರ ನಡೆಸುತ್ತಿದ್ದ ಜಹೀರನ ಕಿವಿಯ ಹತ್ತಿರ ಬಾಯಿ ಒಯ್ದು ಕೇಳಿದೆ. "ನಾ ಮನಿ ನೋಡಾಕ ಬಂದಾಗ ಇಲ್ಲೆ ಒಂದು ನರಪಿಳ್ಳೆ ಇರಲಿಲ್ಲಲ್ಲ?"

"ಯಾವತ್ತ ಬಂದಿದ್ರಿ?"

"ಶೀಗಿ ಹುಣ್ಣಿವಿ ದಿನ, ಮಧ್ಯಾಹ್ನ."

ಜಹೀರ ಯಂತ್ರ ನಿಲ್ಲಿಸಿದ. ಜ್ವರ ಬಂದವನನ್ನು ನೋಡುವ ಹಾಗೆ ನನ್ನನ್ನು ನೋಡಿದ. "ಅವತ್ತ ಈ ಓಣ್ಯಾಗ ನಾಯಿನೂ ಇರಂಗಿಲ್ರಿ ಸರ. ಅವೂ ನಮ್ಮ ಹಿಂದ ಹೊಲಕ್ಕ ಬಂದಿರ್ತಾವ."

ನಾನು ಒಳಗೆ ಹೋಗಿ ಶೀಲಾಳನ್ನು ವಿಚಾರಣೆಗೆ ನಿಲ್ಲಿಸಿದೆ. "ನಿನಗ ಗೊತ್ತಿತ್ತು?"

"ಚರಗದ ಬುಟ್ಟಿ ನಿಮ್ಮ ತೊಡಿ ಮ್ಯಾಲೆ ಇತ್ತಲ್ರಿ, ನಿಮಗೂ ಗೊತ್ತಿರತೈತಿ ಅಂತ ಮಾಡಿದ್ದೆ." ಅವಳು ರೊಟ್ಟಿ ತಿರುವಿ ಹಾಕುತ್ತ ಸಾವಕಾಶ ಹೇಳಿದಳು. "ಹುಣ್ಣಿವಿಗೆ ಎಲ್ಲಾ ಬಾಗಲಕ್ಕ ಬೀಗ ಬಿದ್ದಾವು ಅಂದ್ರ ಎಲ್ಲಾರೂ ಒಕ್ಕಲುತನದ ಮಂದಿ. ಮಾತಿಗೆ ಕೊರತಿ ಇಲ್ಲ ಅಂತ ಅವತ್ತ ತಿಳೀತು."

ಸೋತೆ ಎಂದು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಓಣಿ ಹಾಲೆಂಡಿನಂತೆ ಇಲ್ಲದಿದ್ದರೆ ಏನಾಯಿತು, ಹಾಲೆಂಡ್ ಮಾಡಬಹುದಲ್ಲ? ಹೊಲದ ಕೆಲಸ ಬಿಡಿಸಲು ಬರುವುದಿಲ್ಲ. ಆದರೆ ಯಾವ ಹೊತ್ತಿಗೆ ಬೇಕಾದರೂ ಯಾರು ಬೇಕಾದರೂ ಬಾಗಿಲು ತಳ್ಳಿಕೊಂಡು "ಏನ ಮಾಡಾಕತ್ತೀರಿ?" ಎಂದು ಬರುವುದನ್ನಾದರೂ ನಿಲ್ಲಿಸಬಹುದು. ಮನೆಮನೆಗೆ ಹೋಗಿ ವಿನಯದಿಂದ ತಿಳಿಹೇಳಿದೆ. "ಬರೂ ಮೊದ್ಲ ಒಂದು ಫೋನ್ ಮಾಡ್ರಿ. ಮುಂದುವರಿದ ದೇಶದಾಗ ಹಂಗ ಮಾಡ್ತಾರ." ನಮ್ಮ ಓಣಿಯವರು ಹೇಳಿದ ಮಾತು ಮೀರುವವರಲ್ಲ. ಎಲ್ಲರೂ ನನ್ನ ನಂಬರು ಬರೆದುಕೊಂಡರು.

ಮರುದಿನ ನಾನು ಬಾಯಿಗೆ ತುತ್ತಿಡುವಾಗ ಫೋನು ಬಂತು.

"ಹಲೋ, ನಾ ರೇಣುಕವ್ವ ಮಾತಾಡೂದ್ರಿ. ಶೀಲಾನ ಕಡೆ ಬರ್ಲೇನ್ರಿ?"

"ಎಲ್ಲಿ ಅದೀರಿ?"

"ನಿಮ್ಮ ಹಿಂದ ಅದೇನಿ."

ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಫೋನು ಕಿವಿಗೆ ಹಿಡಿದು ನಿಂತಿದ್ದಾಳೆ. ಅಂದಿನಿಂದ ಶುರುವಾದದ್ದು ನಿಲ್ಲಲಿಲ್ಲ. ಗೇಟಿನ ಮುಂದೆ ನಿಂತು ಫೋನು, ಕಂಪೌಂಡಿನ ಮೇಲೆ ಕೂತು ಫೋನು. ಬರುತ್ತೇನೆಂದು ಒಮ್ಮೆ, ಬರಲಾಗುವುದಿಲ್ಲವೆಂದು ಒಮ್ಮೆ, ನಿನ್ನೆ ಫೋನು ಮಾಡದೆ ಬಂದದ್ದಕ್ಕೆ ಸಿಟ್ಟಾಗಬೇಡಿರೆಂದು ಇನ್ನೊಮ್ಮೆ. ಯಂತ್ರದ ಸದ್ದಿನಲ್ಲಿ ಅವರಿಗೆ ನನ್ನದು ಕೇಳದು, ನನಗೆ ಅವರದು ಕೇಳದು. ಮೊದಲು ಮಂದಿಯಷ್ಟೇ ಬರುತ್ತಿದ್ದರು, ಈಗ ಮಂದಿಗಿಂತ ಮುಂಚೆ ಗಂಟೆ ಬರತೊಡಗಿತು. ಒಂದೊಂದು ಕರೆಗೂ ನಾನು ಅಂಗಳಕ್ಕೆ ಬಂದು, "ಹಾಂ, ಬರ್ರಿ, ಬರ್ರಿ ಅಂದೆ," ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ಈ ನಡುವೆ ಶೀಲಾ ಮೈ ಕೈ ತುಂಬಿಕೊಂಡು ಲಕ್ಷಣವಾದಳು. ಅವಳು ಬದುಕಿನಲ್ಲಿ ಇಷ್ಟು ಖುಷಿಯಾಗಿದ್ದುದನ್ನು ನಾನು ನೋಡಿರಲಿಲ್ಲ, ಅದನ್ನು ನೋಡಿ ನನಗೆ ಒಳಗೊಳಗೇ ಸಂತೋಷವೂ ಆಗುತ್ತಿತ್ತು. ಹೊರಗೆ ತೋರಿಸಿಕೊಳ್ಳಲಿಲ್ಲ ಅಷ್ಟೇ.

ಕೊನೆಗೆ ಒಂದು ಭಾನುವಾರ ನಾನು ಬ್ರಹ್ಮಾಸ್ತ್ರ ತೆಗೆದೆ. ಕಂಪನಿಯ ಮೈಕು ಮನೆಯಲ್ಲೇ ಇತ್ತು. ಬಾಯಿಂದ ಹೇಳಿದರೆ ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲವಲ್ಲ, ಮೈಕಿನಲ್ಲಿ ಒಂದೇ ಸಲ ಎಲ್ಲರಿಗೂ ಹೇಳಿ ಮುಗಿಸೋಣವೆಂದು ಮಾಳಿಗೆ ಹತ್ತಿದೆ. ಭಾನುವಾರ ಮಧ್ಯಾಹ್ನವಾದರೂ ಸದ್ದು ಮಾಡಬೇಡಿ ಎಂಬ ಒಂದೇ ವಾಕ್ಯ ನನ್ನ ಮನಸ್ಸಿನಲ್ಲಿದ್ದದ್ದು. ಆದರೆ ಹದಿನೆಂಟು ವರ್ಷದ ಕಸುಬು, ಮೈಕು ಕೈಗೆ ಬಂದ ಕೂಡಲೇ ನಾಲಿಗೆ ತನ್ನ ದಾರಿ ತಾನು ಹಿಡಿಯಿತು.

"ರೈತ ಬಾಂಧವರೇ, ಎಲ್ಲರೂ ದಯವಿಟ್ಟು ಇತ್ತ ಕಡೆ ಗಮನ ಕೊಡಬೇಕು..."

ಯಂತ್ರ ನಿಂತಿತು. ಒಂದು ಕ್ಷಣ ಖರೇನೇ ಹಾಲೆಂಡ್ ಆಯಿತು. ಆಮೇಲೆ ಮನೆಮನೆಯ ಬಾಗಿಲು ತೆರೆದವು. ಬೀಜದ ಕಂಪನಿಯ ಸಭೆ ಎಂದರೆ ಮಾದರಿ ಪಾಕೀಟು, ಟೋಪಿ, ಚಹಾ ಉಂಟು ಎಂಬುದು ನಮ್ಮ ಕಡೆಯ ರೈತರಿಗೆ ಹೇಳಿಕೊಡಬೇಕಿಲ್ಲ. ಈ ಓಣಿಯವರು ಬಂದರು, ಆ ಓಣಿಯವರು ಬಂದರು, ಹೆದ್ದಾರಿಯಲ್ಲಿ ಬ್ಯಾಡಗಿ ಪೇಟೆಗೆ ಹೊರಟಿದ್ದವರೊಬ್ಬರು ಗಾಡಿ ತಿರುಗಿಸಿಕೊಂಡು ಬಂದರು. ಸಭೆ ಅಲ್ಲ, ಶಾಂತಿ ಕಾಪಾಡಿ ಎನ್ನಲು ಕರೆದೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಸಂಜೆವರೆಗೂ ಟೊಮೆಟೊದ ಎಲೆಮುರುಟು ರೋಗದ ಬಗ್ಗೆ ಭಾಷಣ ಮಾಡಿದೆ. ಶೀಲಾ ಕೊಡಪಾನದಲ್ಲಿ ಚಹಾ ಕಾಸಿದಳು.

ಎರಡು ದಿನ ಬಿಟ್ಟು ಓಣಿಯ ಹಿರಿಯರು ಬರುತ್ತೇವೆಂದು ಫೋನು ಮಾಡಿದರು. ಒಬ್ಬೊಬ್ಬರೂ ಬೇರೆ ಬೇರೆ ಮಾಡಿದರು. ಓಣಿಯಲ್ಲಿ ಗದ್ದಲ ಹೆಚ್ಚಾಗಿದೆ, ಅದರ ಬಗ್ಗೆ ಮಾತಾಡಬೇಕು ಎಂದರು. ನನಗೆ ಗೆದ್ದಷ್ಟು ಸಂತೋಷ.

"ನೋಡಿದೆಲ್ಲ?" ಎಂದೆ ಶೀಲಾಳಿಗೆ. "ಹೇಳೂ ಹಂಗ ಹೇಳಿದ್ರ ಮಂದಿ ತಿಳ್ಕೋತಾರ. ನನ್ನ ಓಣಿ ಅಧ್ಯಕ್ಷನ್ನ ಮಾಡಾಕ ಬರಾಕತ್ತಾರ."

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪಡಸಾಲೆಯಲ್ಲಿ ಜಮಖಾನೆ ಹಾಸಿದೆ. ಸೋಮಪ್ಪ ಎಂಬ ಹಿರಿಯರು ಮುಂದೆ, ಹಿಂದೆ ಜಹೀರ, ರೇಣುಕವ್ವ, ಇನ್ನೂ ನಾಲ್ಕಾರು ಮಂದಿ. ಎಲ್ಲರೂ ನೆಲ ನೋಡುತ್ತ ಕೂತರು. ಇಷ್ಟು ಮೆಲ್ಲಗೆ ಕೂತ ಮಂದಿಯನ್ನು ನಾನು ಆ ಓಣಿಯಲ್ಲಿ ಕಂಡಿರಲಿಲ್ಲ.

"ಹೇಳ್ರಿ ಯಜಮಾನ್ರ," ಎಂದೆ, "ಗದ್ದಲ ಯಾರದು? ಹೆಸರು ಹೇಳ್ರಿ, ಮುಂದಿಂದು ನಾ ನೋಡ್ಕೋತೇನಿ."

ಸೋಮಪ್ಪನವರು ಎರಡು ಸಲ ಕೆಮ್ಮಿದರು. "ಹೆಂಗ ಹೇಳೂದ್ರಿ ಸರ. ಯಂತ್ರದ ಸದ್ದು ಸುಗ್ಗಿ ಮುಗಿದ್ರ ಮುಗೀತೈತಿ. ಟ್ರ್ಯಾಕ್ಟರ್ ಹೋದ ಮ್ಯಾಲೆ ಹೋತು. ಆದ್ರ ನೀವು ದಿನಾ ಅಂಗಳದಾಗ ನಿಂತು ಫೋನಿನ್ಯಾಗ ಒದರ್ತೀರಿ. ಮೊನ್ನಿ ಮೈಕ್ ಬ್ಯಾರೆ ಆತು. ನಮ್ಮ ಮನ್ಯಾಗ ಮೂರು ತಿಂಗಳ ಕೂಸು ಐತ್ರಿ, ಯಂತ್ರಕ್ಕ ನಿದ್ದಿ ಮಾಡತೈತಿ, ನಿಮ್ಮ ಧ್ವನಿಗೆ ಏಳತೈತಿ."

ನಾನು ಶೀಲಾಳ ಕಡೆ ನೋಡಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಅಧ್ಯಕ್ಷನ ಇಸ್ತ್ರಿಯ ಅಂಗಿಯೊಳಗೆ ನನಗೆ ಬೆವರಿಳಿಯಿತು. ನನ್ನ ಮುಖ ನೋಡಿ ರೇಣುಕವ್ವನಿಗೆ ಕರುಳು ಚುರ್ ಎಂದಿರಬೇಕು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಸರ," ಎಂದಳು. "ಹೊಸದಾಗಿ ಬಂದಾಗ ಹಿಂಗ ಆಗೂದ. ಒಂದೀಟು ದಿವಸ ಹೋಗ್ಲಿ, ರೂಢಿ ಆಗತೈತಿ."

ಒಬ್ಬರಾದರೂ ನನ್ನ ಪರವಾಗಿ ಮಾತಾಡಿದರಲ್ಲ ಎಂದು ನನಗೆ ಜೀವ ಬಂದಂತಾಯಿತು. "ಹೌದ್ರಿ ತಾಯಿ," ಎಂದೆ, "ಎಷ್ಟು ದಿವಸಕ್ಕ ನನಗ ರೂಢಿ ಆಗಬಹುದು?"

"ನಿಮಗಲ್ರಿ," ಎಂದಳು ರೇಣುಕವ್ವ, "ನಮಗ."