ಜಿಪುಣನ ತಾಟಿನ ಬಾಳೆಹಣ್ಣು

ಇದು ತೊಂಬತ್ತರ ದಶಕದ ಮಾತು. ನಾನು ಬಿ.ಎಸ್ಸಿ. ಮುಗಿಸಿ, ಕಲಬುರಗಿಯವರೇ ಆದ ಒಬ್ಬ ನಟ-ನಿರ್ದೇಶಕರ ಟೀವಿ ಧಾರಾವಾಹಿಗೆ ಸಹಾಯಕನಾಗಿ ಸೇರಿದ್ದೆ. ಒಂದು ಶಾಟಿನಲ್ಲಿದ್ದ ವಸ್ತು ಮುಂದಿನ ಶಾಟಿನಲ್ಲೂ ಹಾಗೇ ಇದೆಯೇ ಎಂದು ನೋಡುವುದು ನನ್ನ ಕೆಲಸ. ನಿರ್ದೇಶಕರಾದ ನಮ್ಮ ಸರ್‌ಗೆ ಧಾರಾವಾಹಿಯಲ್ಲಿ ಮಹಾ ಜಿಪುಣನ ಪಾತ್ರ. ಜನರಿಗೆ ಅವರೆಂದರೆ ಪ್ರಾಣ, ಪಾತ್ರವನ್ನೂ ನಿಜವೆಂದೇ ನಂಬುತ್ತಿದ್ದರು. ಹಾಗಾಗಿ ವಾರಕ್ಕೊಂದು ಫಜೀತಿ ತಪ್ಪುತ್ತಿರಲಿಲ್ಲ.

1. ಚಾ

ಕಲಬುರಗಿಯ ರೋಜಾ ಬಡಾವಣೆಯ ಹೋಟೆಲಿನಲ್ಲಿ ನಮಗೆಲ್ಲ ತುಂಬಿದ ಕಪ್ ಚಾ ಬಂತು. ಸರ್‌ಗೆ ಮಾತ್ರ ಅರ್ಧ.

"ಯಾಕ್ರಿ ಭಾಯ್?" ಸರ್ ಹೋಟೆಲಿನವನನ್ನು ಕೇಳಿದರು.

"ಟೀವ್ಯಾಗ ಬೀಗರಿಗೆ ನೀವು ಎಷ್ಟು ಕೊಟ್ರಿ ಸಾಬ್? ನಾನೂ ಅಷ್ಟೇ ಕೊಟ್ಟೀನಿ."

2. ಸೊಸೆ

ಕಲಬುರಗಿಯ ಗಾಜಿಪುರದಲ್ಲಿ ಶೂಟಿಂಗ್. ಜಿಪುಣ ಸೊಸೆಯನ್ನು ಹೊರಗೆ ಹಾಕುವ ದೃಶ್ಯ. ನಟಿ ಅಳುತ್ತಾ ಹೊಸ್ತಿಲು ದಾಟಿದಳು. ನೋಡುತ್ತ ನಿಂತಿದ್ದ ಮುದುಕಿಯೊಬ್ಬಳು ಅವಳ ಕೈ ಹಿಡಿದಳು.

"ನಡಿ ಯವ್ವಾ, ನಮ್ಮ ಮನಿಗಿ. ಈ ಭಾಡ್ಯಾನ ಮನ್ಯಾಗ ಏನೈತಿ?"

ಮುದುಕಿಯ ಮನೆ ಹುಡುಕಿ ನಾವು ಕರೆತರುವಷ್ಟರಲ್ಲಿ ನಟಿಯ ಊಟ ಮುಗಿದಿತ್ತು. ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ. ಬಂದವಳೇ ಕೇಳಿದಳು: "ಸರ್, ಇನ್ನೊಂದ್ಸಲ ಹೊರಗ ಹಾಕ್ತೀರೇನು?"

3. ಬಾಳೆಹಣ್ಣು

ಕೊನೆಯ ಕಂತಿಗೆ, ಕೆಂಪು ಬಾಳೆಹಣ್ಣಿಗೆ ಹೆಸರಾದ ಪಕ್ಕದ ಕಮಲಾಪುರದಲ್ಲಿ ಒಂದು ಮನೆ ಸಿಕ್ಕಿತು. ಚಿತ್ರೀಕರಿಸಿದ ಟೇಪು ಅಂದೇ ಸಂಜೆ ಪ್ರಸಾರಕ್ಕೆಂದು ಬೆಂಗಳೂರಿನ ರೈಲು ಹತ್ತಬೇಕು. ತಪ್ಪಿದರೆ ಕೊನೆಯ ಕಂತೇ ಇಲ್ಲ. ಸರ್ ಪಟ್ಟ ಕಷ್ಟವೆಲ್ಲ ನೀರುಪಾಲು.

ದೃಶ್ಯ ಸರಳ. ಮನೆಗೆ ಬಂದ ಬೀಗರ ಎದುರಿಗೇ ಜಿಪುಣ ತಾಟಿನಲ್ಲಿರುವ ಕೆಂಪು ಬಾಳೆಹಣ್ಣು ತಿನ್ನುತ್ತಾನೆ, ಅವರಿಗೆ ಕೊಡುವುದಿಲ್ಲ.

ಒಂದು ತಿಂದರು. ಕ್ಯಾಮೆರಾ ಸರಿಸುವಷ್ಟರಲ್ಲಿ ತಾಟು ಮತ್ತೆ ತುಂಬಿತ್ತು. ಮನೆಯೊಡತಿಯ ಕೆಲಸ.

"ಅಕ್ಕಾರ, ಹಣ್ಣು ಇಡಬ್ಯಾಡ್ರಿ. ಇವರು ಜಿಪುಣ ಅದಾರ."

"ಅವರು ಜಿಪುಣ ಇರಲಿ ತಮ್ಮಾ. ಮನಿ ನಂದು. ಬೀಗರ ಮುಂದ ತಾಟು ಖಾಲಿ ಇದ್ರ ನಾಳಿ ಊರಾಗ ನಾನು ಹೆಂಗ ಮಾರಿ ತೋರಸ್ಲಿ?"

ಹೆಚ್ಚಿನ ಹಣ್ಣು ತೆಗೆದೆ. ತಾಟಿಗೆ ಬೆನ್ನು ಹಾಕಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತೆ. ಅಡುಗೆಮನೆಗೆ ಇನ್ನೊಂದು ಬಾಗಿಲಿತ್ತು. ಅದು ನನಗೆ ಗೊತ್ತಿರಲಿಲ್ಲ. ಸರ್ ಪಾತ್ರದಲ್ಲಿ ಮುಳುಗಿ ಬೀಗರ ಮುಖವನ್ನೇ ನೋಡುತ್ತ ಎರಡನೆಯದನ್ನೂ ತಿಂದರು. ಹೊರಗೆ ಜೀಪಿನ ಹಾರ್ನು.

"ಕಟ್! ಟೇಪು ತಗೀರಿ, ಓಡ್ರಿ!" ಸರ್ ಕೂಗಿದರು.

ರೈಲು ಸಿಕ್ಕಿತು. ಕಂತು ಪ್ರಸಾರವಾಯಿತು. ಜನ ಬಿದ್ದು ಬಿದ್ದು ನಕ್ಕರು. ಟೀವಿ ಮುಂದೆ ಕೂತಿದ್ದ ಸರ್ ನನ್ನ ಕಡೆ ತಿರುಗಿದರು.

"ಏನಪಾ ಬಿ.ಎಸ್ಸಿ., ಇದು ಯಾವ ಲೆಕ್ಕ?"

ಶುರುವಿನಲ್ಲಿ ತಾಟಿನಲ್ಲಿದ್ದದ್ದು ನಾಲ್ಕು ಹಣ್ಣು. ಜಿಪುಣ ತಿಂದದ್ದು ಎರಡು. ಉಳಿದದ್ದು ಏಳು.